ಕೆಂಪು ಶಾಯಿಯನ್ನು ಎಲ್ಲಿ ಖರ್ಚು ಮಾಡೋಣ? ಪ್ರೌಢಶಾಲೆಯ ಕನ್ನಡ ಶಿಕ್ಷಕರಿಗೊಂದು ಬಹಿರಂಗ ಪತ್ರ

ನಾಡಿನ ಪ್ರೌಢಶಾಲೆಗಳ ಕನ್ನಡ ಮೇಷ್ಟ್ರುಗಳಿಗೆ, ಮೇಡಂಗಳಿಗೆ,



ಮೊಬೈಲು ಬಂದ ಮೇಲೆ ಮಕ್ಕಳ ಕನ್ನಡ ಹಾಳಾಯಿತು ಎಂಬ ಮಾತು ನಿಮ್ಮ ಸ್ಟಾಫ್ ರೂಮಿನಲ್ಲೂ ಕೇಳಿಬರುತ್ತದೆ, ನಮ್ಮ ಪತ್ರಿಕೆಯ ಡೆಸ್ಕಿನಲ್ಲೂ ಕೇಳಿಬರುತ್ತದೆ. ನಾನು ಬೇರೆಯವರ ಬರಹ ತಿದ್ದಿ ಸಂಬಳ ಎಣಿಸುವವನು. ಓದುಗರ ಓಲೆ, ಹೋಬಳಿಯ ಸುದ್ದಿ, ಶ್ರದ್ಧಾಂಜಲಿ, ಹನಿಗವನ ಎಲ್ಲವೂ ಈಗ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ನೀವು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತೀರಿ. ಅದೇ ಮಕ್ಕಳು ಬೆಳೆದು, ಅಂಗಡಿ ಇಟ್ಟು, ಪಂಚಾಯಿತಿ ಸದಸ್ಯರಾಗಿ, ಮಕ್ಕಳೊಂದಿಗರಾಗಿ ಬರೆದದ್ದು ನನ್ನ ಮುಂದೆ ಬರುತ್ತದೆ. ಒಂದೇ ಗದ್ದೆಯ ಎರಡು ತುದಿಯಲ್ಲಿ ಕಳೆ ಕೀಳುವವರು ನಾವು. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನ ಕನ್ನಡದಲ್ಲಿ ನಾವು ಕೆಂಪು ಗೆರೆ ಎಳೆಯುವ ಎಷ್ಟೋ ಸಂಗತಿಗಳು ತಪ್ಪುಗಳೇ ಅಲ್ಲ. ನಿಜವಾಗಿ ಕೈಬಿಟ್ಟು ಹೋಗುತ್ತಿರುವುದರ ಕಡೆಗೆ ನಮ್ಮ ಪೆನ್ನು ತಿರುಗಿಯೇ ಇಲ್ಲ.

ಮೊಬೈಲಿಗೆ ಮುಂಚೆ ಹತ್ತನೇ ತರಗತಿ ಮುಗಿಸಿ ಹೊಲಕ್ಕೋ ಗಾರ್ಮೆಂಟ್ಸಿಗೋ ಹೋದ ಹುಡುಗಿ ಆಮೇಲೆ ಎಷ್ಟು ಬರೆಯುತ್ತಿದ್ದಳು ಎಂದು ಯೋಚಿಸಿ. ಬ್ಯಾಂಕಿನ ಚಲನ್, ರೇಷನ್ ಕಾರ್ಡಿನ ಅರ್ಜಿ, ಸಂಘದ ಲೆಕ್ಕದ ಪುಸ್ತಕ, ಮದುವೆ ಮನೆಯ ಮುಯ್ಯಿ ಪಟ್ಟಿ. ವರ್ಷಕ್ಕೊಂದೆರಡು ಕಾಗದ ಬರೆದರೆ ಅದೇ ದೊಡ್ಡದು. ಆ ಕಾಗದದ ಕನ್ನಡ ಹೇಗಿರುತ್ತಿತ್ತೆಂದು ನಿಮಗೆ ನೆನಪಿದೆ. ತೀರ್ಥರೂಪು ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು, ಇತ್ತ ಕಡೆ ಎಲ್ಲರೂ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುವುದು. ಆ ಮನೆಯಲ್ಲಿ ಅಪ್ಪನನ್ನು ಯಾರೂ ತೀರ್ಥರೂಪು ಎಂದು ಕರೆದವರಲ್ಲ. ಹಸು ಈದಿದ್ದು, ಇನ್ನೂರು ರೂಪಾಯಿ ಬೇಕಾಗಿದ್ದು, ಇವೆಲ್ಲ ಕಾರ್ಡಿನ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ಸಾಲಿಗೆ ಬಂದು ನಿಲ್ಲುತ್ತಿದ್ದವು. ಬರೆಯಲಿಕ್ಕೊಂದು ಕನ್ನಡ, ಬದುಕಲಿಕ್ಕೊಂದು ಕನ್ನಡ. ಮೊದಲನೆಯದು ಬಾರದವರು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಈಗ ಅದೇ ಹೆಂಗಸು ದಿನಕ್ಕೆ ಹತ್ತಾರು ಸಲ ಬರೆಯುತ್ತಾಳೆ. ತಂಗಿಗೆ, ಮಗನ ಶಾಲೆಯ ಗುಂಪಿಗೆ, ಹಾಲಿನ ಡೇರಿಯವನಿಗೆ. ತೀರ್ಥರೂಪು ಹೋಗಿ ಕೈಮುಗಿದ ಚಿತ್ರ ಬಂದಿದೆ. ಆ ಒಂದು ಚಿತ್ರ ನಮಸ್ಕಾರಕ್ಕೂ ಸೈ, ಧನ್ಯವಾದಕ್ಕೂ ಸೈ, ಸತ್ತವರ ಸುದ್ದಿಗೂ ಸೈ, ‘ಸಾಕು ಮಾರಾಯಾ, ನಿಲ್ಲಿಸು’ ಎನ್ನುವುದಕ್ಕೂ ಸೈ. ಇಷ್ಟೊಂದು ಜನ, ಇಷ್ಟೊಂದು ಸಲ, ತಮ್ಮ ಸ್ವಂತದ ಮಾತನ್ನು ಬರೆದ ಕಾಲ ಕನ್ನಡದ ಚರಿತ್ರೆಯಲ್ಲಿ ಇನ್ನೊಂದಿಲ್ಲ. ‘ಮಕ್ಕಳು ಬರೆಯುವುದನ್ನೇ ಬಿಟ್ಟಿದ್ದಾರೆ’ ಎನ್ನುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವರು ಬರೆಯುತ್ತಿದ್ದಾರೆ. ನಾವು ಅದನ್ನು ಬರಹ ಎಂದು ಎಣಿಸುತ್ತಿಲ್ಲ.

ಒಂದು ಸಂದೇಶವನ್ನು ಹತ್ತಿರದಿಂದ ನೋಡೋಣ. ಉತ್ತರ ಕರ್ನಾಟಕದ ಹುಡುಗನೊಬ್ಬ ಗೆಳೆಯನಿಗೆ ಬರೆಯುವಂಥದ್ದು:

‘ನಾಳೆ ಪರೀಕ್ಷಾ ಐತಿ ಬುಕ್ ಇಸ್ಕೊಂಡು ಬಾ ಮರೀಬ್ಯಾಡ’

ಉತ್ತರಪತ್ರಿಕೆಯಲ್ಲಿ ಇದು ಬಂದರೆ ಐದಾರು ಕಡೆ ಗೆರೆ ಬೀಳುತ್ತದೆ. ಆದರೆ ಇದರಲ್ಲಿ ಕಾಗುಣಿತದ ತಪ್ಪು ಯಾವುದಿದೆ? ‘ಬ್ಯಾಡ’ ಎನ್ನುವುದನ್ನು ಹೀಗೆ ಬರೆಯಬೇಕೆಂದು ಆ ಹುಡುಗನಿಗೆ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿಲ್ಲ. ಅವನ ಬಾಯಲ್ಲಿ ಹೊರಡುವ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ‘ಬ್ಯಾಂಕ್’, ‘ಕ್ಯಾಮೆರಾ’ ಬರೆಯುವಾಗ ದೊಡ್ಡವರು ಹೂಡಿದ ಉಪಾಯವನ್ನೇ ಅವನು ತನ್ನ ಮನೆಮಾತಿಗೂ ಹೂಡಿದ್ದಾನೆ. ‘ಇಸ್ಕೊಂಡು’ ಎಂಬಲ್ಲಿ ಉಸಿರು ಎಲ್ಲಿ ಕತ್ತರಿಸುತ್ತದೋ ಅಲ್ಲೇ ಒತ್ತಕ್ಷರ ಬಂದು ಕೂತಿದೆ. ತನ್ನ ಕಿವಿಯನ್ನು ನಂಬಿ ಬರೆದವನ ಬರಹ ಇದು.

ಇನ್ನೊಂದು ಉದಾಹರಣೆ ನಿಮ್ಮ ವ್ಯಾಕರಣದ ಪಾಠಕ್ಕೇ ಸಂಬಂಧಿಸಿದ್ದು. ಹ್ರಸ್ವ, ದೀರ್ಘ ಆದ ಮೇಲೆ ಪ್ಲುತ ಬರುತ್ತದೆ. ಮೂರು ಮಾತ್ರೆಯ ಕಾಲ ಎಳೆದು ಹೇಳುವ ಸ್ವರ, ಕರೆಯುವಾಗ, ಕೂಗುವಾಗ ಬರುವಂಥದ್ದು, ಅದಕ್ಕೆ ಬೇರೆ ಅಕ್ಷರವಿಲ್ಲ ಎಂದು ಹೇಳಿ ನೀವು ಮುಂದಿನ ಪುಟಕ್ಕೆ ಹೋಗುತ್ತೀರಿ. ಮಕ್ಕಳು ಅಲ್ಲಿಗೆ ಬಿಟ್ಟಿಲ್ಲ. ‘ಹೌದಾಆಆಆ’, ‘ಬಾರೋಓಓ’ ಎಂದು ಬರೆಯುತ್ತಾರೆ. ಪದದ ನಡುವೆ ಸ್ವರಾಕ್ಷರ ಬರಬಾರದೆಂಬ ನಿಯಮ ಮುರಿದಿದೆ, ನಿಜ. ಆದರೆ ವ್ಯಾಕರಣದಲ್ಲಿ ಹೆಸರು ಮಾತ್ರ ಇದ್ದ ಒಂದು ಸ್ವರಕ್ಕೆ ಒಂಬತ್ತನೇ ತರಗತಿಯ ಮಕ್ಕಳು ಬರಹದಲ್ಲೊಂದು ಜಾಗ ಮಾಡಿಕೊಟ್ಟಿದ್ದಾರೆ. ಹಾಗೆಯೇ ‘ಊಟಾಯ್ತಾ’ ಎಂದು ಒಟ್ಟಿಗೆ ಬರೆದವಳು ಲೋಪಸಂಧಿಯನ್ನು ಉರುಹೊಡೆಯದೆಯೇ ಬಳಸಿದ್ದಾಳೆ. ‘ಊರಲ್ಲಿ’, ‘ಬೇರೊಬ್ಬ’ ಬರೆದು ಮಕ್ಕಳು ಆಕಳಿಸುವ ತರಗತಿಯಲ್ಲಿ ಇದನ್ನು ಕರಿಹಲಗೆಯ ಮೇಲೆ ಬರೆದು ನೋಡಿ.

ಆಡುಮಾತನ್ನು ಬರಹಕ್ಕೆ ತರುವುದು ಹೊಸದೇನಲ್ಲ. ಬೇಂದ್ರೆ ಧಾರವಾಡದ ಮಾತನ್ನು ಕಾವ್ಯಕ್ಕೆ ತಂದರು. ರಾಜರತ್ನಂ ರತ್ನನ ಬಾಯಿಂದ ಪದ ಹಾಡಿಸಿದರು. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಮಾತಿನಲ್ಲಿ ಬರೆದಾಗ ಇದನ್ನು ಓದುವುದು ಹೇಗೆ ಎಂದು ತಲೆ ಕೆರೆದುಕೊಂಡವರೂ ಇದ್ದರು. ಆಗ ಸೀಮೆಯ ಮಾತು ಅಚ್ಚಿಗೆ ಬರಬೇಕಾದರೆ ಅಷ್ಟು ದೊಡ್ಡ ಲೇಖಕನ ಕೈ ಬೇಕಾಗಿತ್ತು. ಈಗ ಕುಂದಾಪುರದ ಮೀನು ಮಾರುವವರ ಮಗ ‘ಎಂತ ಮರಾಯ್ರೆ’ ಎಂದು ಬರೆಯಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಆಸಾಡಿ ಅಮಾಸಿಯಂದು ‘ವಿಶ್ವ ಕುಂದಾಪ್ರ ಕನ್ನಡ ದಿನ’ ಆಚರಿಸುವಷ್ಟು ಹುರುಪು ಆ ಸೀಮೆಯವರಿಗೆ ಬಂದಿದ್ದರಲ್ಲಿ ಫೋನಿನಲ್ಲಿ ಹರಿದಾಡಿದ ಆ ಬರಹದ ಪಾಲು ದೊಡ್ಡದು. ತುಳು, ಬ್ಯಾರಿ, ಕೊಡವ ಮಾತಾಡುವವರೂ ಮನೆಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ಕಳಿಸುತ್ತಾರೆ. ತುಳು ವಿಕಿಪೀಡಿಯ ಇರುವುದೂ ಕನ್ನಡ ಲಿಪಿಯಲ್ಲೇ.

ಹಾಗಾದರೆ ತಪ್ಪುಗಳೇ ಇಲ್ಲವೇ ಎಂದು ಕೇಳುತ್ತೀರಿ. ಧಾರಾಳವಾಗಿ ಇವೆ. ಆದರೆ ಅವು ಎಲ್ಲಿವೆ ಎಂಬುದು ನೋಡತಕ್ಕದ್ದು. ನನ್ನ ಮೇಜಿಗೆ ಬರುವ ಬರಹಗಳಲ್ಲಿ ದಿನಾ ಕಾಣುವ ಪಟ್ಟಿ ಇದು: ಹಾರ್ಧಿಕ, ಅಭಿನಂಧನೆ, ಶುಭಾಷಯ, ಅಧ್ಬುತ, ಪ್ರಶಸ್ಥಿ, ವಿಧ್ಯಾರ್ಥಿ, ಶೃದ್ಧಾಂಜಲಿ. ಇವುಗಳಲ್ಲಿ ಒಂದಾದರೂ ಅಡುಗೆಮನೆಯ ಮಾತೇ? ಸಂತೆಯ ಮಾತೇ? ಇವೆಲ್ಲ ಫ್ಲೆಕ್ಸಿನ ಕನ್ನಡ, ಸನ್ಮಾನಪತ್ರದ ಕನ್ನಡ. ಮೊಬೈಲು ಹುಟ್ಟುವ ಮೊದಲೇ ಗೋಡೆಗಳ ಮೇಲೂ ಆಟೋಗಳ ಬೆನ್ನ ಮೇಲೂ ಇದ್ದವು. ಇನ್ನೂ ಒಂದು ಗಮನಿಸಿ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಬೇಡದ ಕಡೆ ಮಹಾಪ್ರಾಣ ಬಂದು ಕೂತಿದೆ. ‘ಹಾರ್ದಿಕ’ ಎಂಬುದನ್ನು ಹೊಟ್ಟೆ ಸೀಳಿಕೊಂಡು ‘ಹಾರ್ಧಿಕ’ ಎಂದು ಯಾರೂ ಉಚ್ಚರಿಸುವುದಿಲ್ಲ. ಮಹಾಪ್ರಾಣ ಬಿಟ್ಟುಹೋದರೆ ಅಂಕ ಹೋಗುತ್ತದೆ, ಎಲ್ಲಿ ಬೇಕೋ ತಿಳಿಯದು, ಹಾಕಿಯೇಬಿಟ್ಟರೆ ಕ್ಷೇಮ ಎಂಬ ಅಂಜಿಕೆಯಿಂದ ಹುಟ್ಟಿದ ತಪ್ಪು ಇದು. ‘ನಾಳೆ ಪರೀಕ್ಷಾ ಐತಿ’ ಎಂದು ಬರೆಯುವಾಗ ತಪ್ಪದ ಕೈ, ‘ಹಾರ್ದಿಕ ಅಭಿನಂದನೆಗಳು’ ಎಂದು ಬರೆಯುವಾಗ ನಡುಗುತ್ತದೆ. ಶಾಲೆ ಕಲಿಸಿದ ಕನ್ನಡದಲ್ಲಿ ತಪ್ಪು ಬರುತ್ತದೆ, ಮನೆ ಕಲಿಸಿದ ಕನ್ನಡದಲ್ಲಿ ಬರುವುದಿಲ್ಲ. ಇದಕ್ಕೆ ಮೊಬೈಲನ್ನು ಬೈದು ಪ್ರಯೋಜನವೇನು?

ಕೆಲವಂತೂ ಯಂತ್ರದ ಎಡವಟ್ಟುಗಳು. ‘ಫೇಸ್‌ಬುಕ್’ ಎಂದು ಸಕಾರವನ್ನು ಅರ್ಧಕ್ಕೆ ನಿಲ್ಲಿಸಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೊಡಬೇಕು. ಆ ಕೀಲಿ ಎಲ್ಲಿದೆಯೆಂದು ಗೊತ್ತಿಲ್ಲದವನ ಫೋನು ‘ಫೇಸ್ಬುಕ್’ ಎಂದು ಬಕಾರವನ್ನು ಕೆಳಕ್ಕೆ ಒತ್ತುತ್ತದೆ. ‘ರ‍್ಯಾಂಕ್’ ಬರೆಯಹೋದರೆ ‘ರ್ಯಾಂಕ್’ ಆಗಿ ಅರ್ಕಾವೊತ್ತು ಬಂದು ಕೂರುತ್ತದೆ. ಇಂಥವಕ್ಕೆ ಅಂಕ ಕಳೆಯುವುದೂ ಒಂದೇ, ಮಳೆಗೆ ಬೈಯುವುದೂ ಒಂದೇ.

ಭಾಷೆ ಬದಲಾಗುವುದನ್ನು ಕಂಡು ಮರುಗುವುದು ನಮ್ಮ ಕಾಲಕ್ಕೇ ಶುರುವಾದದ್ದಲ್ಲ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ೞ ಎಂಬ ಅಕ್ಷರ ಜನರ ನಾಲಗೆಯಿಂದ ಜಾರತೊಡಗಿತ್ತು. ಅದು ಯಾವ ಯಾವ ಶಬ್ದದಲ್ಲಿ ಬರಬೇಕೆಂದು ಅವನು ಪಟ್ಟಿ ಕೊಡಬೇಕಾಯಿತು. ಎಲ್ಲರಿಗೂ ಗೊತ್ತಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಅವನಿಗೂ ಮುಂಚೆ, 9ನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿ, ಸೀಮೆಸೀಮೆಗೂ ಬೇರೆಯಾಗುವ ಕನ್ನಡಗಳಲ್ಲಿ ದೋಷ ಎಣಿಸಲು ಕೂತರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತಿದೆ. ಸಾವಿರ ಹೆಡೆಯವನ ಪಾಡೇ ಹೀಗಾದರೆ ಒಂದು ಪೆನ್ನಿನ ನಮ್ಮ ನಿಮ್ಮ ಗತಿಯೇನು!

ಕೇಶಿರಾಜನ ಪಟ್ಟಿ ೞಕಾರವನ್ನು ಉಳಿಸಲಿಲ್ಲ. ‘ಬಾೞೆ’ ಎಂದು ಬರೆಯುತ್ತಿದ್ದದ್ದು ‘ಬಾಳೆ’ಯಾಯಿತು. ನಾಲಗೆ ಮೊದಲು ಬಿಟ್ಟಿತು, ಬರಹ ಆಮೇಲೆ ಬಿಟ್ಟಿತು. ಅದರಿಂದ ಕನ್ನಡಕ್ಕೇನೂ ಆಗಲಿಲ್ಲ. ಮಹಾಪ್ರಾಣದ ವಿಚಾರದಲ್ಲೂ ಡಿ.ಎನ್. ಶಂಕರ ಭಟ್ಟರು ಇದೇ ತರ್ಕ ಮುಂದಿಟ್ಟರು. ಬಹುಪಾಲು ಕನ್ನಡಿಗರ ಉಚ್ಚಾರಣೆಯಲ್ಲಿ ಇಲ್ಲದ ಅಕ್ಷರಗಳ ಹೊರೆ ಬರಹಕ್ಕೆ ಯಾಕೆ ಎಂದು ಕೇಳಿ, ತಮ್ಮ ಪುಸ್ತಕಗಳನ್ನೇ ಹೊಸ ಬರಹದಲ್ಲಿ ಬರೆದರು. ಅವರ ದಾರಿ ಎಲ್ಲರಿಗೂ ಒಪ್ಪಿಗೆಯಾಗಿಲ್ಲ, ಆ ಜಗಳ ಇಲ್ಲಿ ಬೇಡ. ನನಗೆ ಬೇಕಾದ್ದು ಅದರಿಂದ ಸಿಗುವ ಒಂದು ಅಳತೆಗೋಲು. ನಾಲಗೆ ಬಿಟ್ಟದ್ದನ್ನು ಬರಹ ಬಿಟ್ಟರೆ ಅದು ಬದಲಾವಣೆ. ನಾಲಗೆಯಲ್ಲಿ ಇನ್ನೂ ಗಟ್ಟಿಯಾಗಿ ಇರುವುದನ್ನು ಬರಹ ಬಿಟ್ಟರೆ ಅದು ನಷ್ಟ.

ಆ ನಷ್ಟ ಆಗುತ್ತಿರುವುದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡದಲ್ಲಿ. ನಿಮ್ಮ ವಿದ್ಯಾರ್ಥಿಯೊಬ್ಬ ಬಿ, ಎ, ಎಲ್, ಇ ಎಂಬ ನಾಲ್ಕು ಅಕ್ಷರ ಒತ್ತಿ ಕಳಿಸಿದನೆನ್ನಿ. ಅದು ಬಲೆಯೋ, ಬಳೆಯೋ, ಬಾಳೆಯೋ, ಬಾಲೆಯೋ? ಸಂದರ್ಭ ನೋಡಿ ಓದುವವರು ಊಹಿಸಿಕೊಳ್ಳುತ್ತಾರೆ, ಆ ಹೊತ್ತಿನ ಕೆಲಸ ನಡೆದುಹೋಗುತ್ತದೆ. ಆದರೆ ಈ ನಾಲ್ಕು ಶಬ್ದಗಳ ವ್ಯತ್ಯಾಸ ಬಹುಪಾಲು ಕನ್ನಡಿಗರ ನಾಲಗೆಯಿಂದ ಹೋಗಿಲ್ಲ. ಮೂರು ವರ್ಷದ ಕೂಸಿಗೂ ಬಳೆ ಬೇರೆ, ಬಾಳೆ ಬೇರೆ. ಸಾವಿರದೈನೂರು ವರ್ಷ ಈ ವ್ಯತ್ಯಾಸವನ್ನು ಕಾಪಾಡಿಕೊಂಡು ಬಂದ ಲಿಪಿ ಜೇಬಿನಲ್ಲೇ ಇರುವಾಗ ಅದನ್ನು ತೊರೆದು ಊಹೆಯ ಮೇಲೆ ಬದುಕುತ್ತಿದ್ದೇವೆ.

ಈ ಚಾಳಿಗೆ ಮಕ್ಕಳನ್ನು ಬೈಯುವ ಮೊದಲು ಅದು ಹೇಗೆ ಬಂತೆಂದು ತಿಳಿಯುವುದು ನ್ಯಾಯ. ಕೀಪ್ಯಾಡ್ ಫೋನಿನ ಕಾಲದಲ್ಲಿ ಇಂಗ್ಲಿಷ್ ಅಕ್ಷರದ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸುತ್ತಿತ್ತು. ಕನ್ನಡ ಲಿಪಿಯಲ್ಲಿ ಬರೆದರೆ 70. ಆ ಎಪ್ಪತ್ತೂ ಯಂತ್ರದ ಲೆಕ್ಕದ ಎಪ್ಪತ್ತು. ನೀವು ಒಂದೇ ಅಕ್ಷರ ಎನ್ನುವ ‘ಸ್ತ್ರೀ’ ಯಂತ್ರಕ್ಕೆ ಆರು: ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು. ದುಡ್ಡು ಎರಡು ಪಟ್ಟು, ಮೂರು ಪಟ್ಟು. ಅಷ್ಟು ಕೊಟ್ಟು ಕಳಿಸಿದರೂ ಆ ಕಡೆಯ ಫೋನಿನಲ್ಲಿ ಸಾಲಾಗಿ ಡಬ್ಬಿಗಳು ಕಾಣುತ್ತಿದ್ದವು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ, 1991ರಲ್ಲೇ, ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಅದು ಜನರ ಜೇಬಿಗೆ ಇಳಿಯಲು ಎರಡು ದಶಕ ಹಿಡಿಯಿತು. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ದಾರಿ ಮಾಡಿದರೂ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ನೆಟ್ಟಗೆ ಮೂಡತೊಡಗಿದ್ದು 2012ರ ಆಸುಪಾಸಿನಲ್ಲಿ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗುವ ಹೊತ್ತಿಗೆ ಒಂದು ತಲೆಮಾರಿನ ಬೆರಳುಗಳಿಗೆ ಇಂಗ್ಲಿಷ್ ಅಕ್ಷರವೇ ರೂಢಿಯಾಗಿತ್ತು. ಈಗ ವಾಟ್ಸ್‌ಆ್ಯಪ್‌ನಲ್ಲಿ 70ರ ಲೆಕ್ಕ ಇಲ್ಲ, ಡಬ್ಬಿಗಳಿಲ್ಲ. ಕಾರಣ ಹೋಗಿದೆ, ಚಾಳಿ ಉಳಿದಿದೆ. ಅಣ್ಣ ಬರೆದದ್ದು ನೋಡಿ ತಮ್ಮ ಬರೆಯುತ್ತಿದ್ದಾನೆ.

ಅಮೆರಿಕದಲ್ಲಿರುವ ಮೊಮ್ಮಗಳಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಶಿವಮೊಗ್ಗದ ಅಜ್ಜಿ ಅವಳಿಗಾಗಿ ಇಂಗ್ಲಿಷ್ ಅಕ್ಷರದಲ್ಲಿ ‘ಊಟ ಆಯ್ತಾ’ ಎಂದು ಬರೆದರೆ ನಾನು ಕೈಮುಗಿಯುತ್ತೇನೆ. ಆದರೆ ಹಾವೇರಿಯ ಹುಡುಗ ಹಾವೇರಿಯ ಹುಡುಗಿಗೆ, ಇಬ್ಬರೂ ಕನ್ನಡ ಮಾಧ್ಯಮದಲ್ಲಿ ಓದುತ್ತ, ಹಾಗೆ ಬರೆಯಲು ಕಾರಣವೇನಿದೆ?

ಈ ನಷ್ಟ ಇಬ್ಬರ ನಡುವಿನ ಹರಟೆಗೆ ಮುಗಿಯುವುದಿಲ್ಲ. ಊರಿನ ಜಾತ್ರೆಯ ವಿವರ, ಅಜ್ಜಿಯ ಮದ್ದು, ಬೀಜೋಪಚಾರದ ಕ್ರಮ, ಎಲ್ಲವನ್ನೂ ಜನ ಫೋನಿನಲ್ಲೇ ಬರೆಯುತ್ತಿದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಒಬ್ಬ ದೀರ್ಘಕ್ಕೆ ಎರಡು ಎ ಹಾಕುತ್ತಾನೆ, ಇನ್ನೊಬ್ಬ ಒಂದೇ ಸಾಕೆನ್ನುತ್ತಾನೆ. ನಾಳೆ ಯಾರಾದರೂ ಕನ್ನಡದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಫೋನಿನ ಕೀಲಿಮಣೆ ನಮಗೆ ಮುಂದಿನ ಪದ ಸೂಚಿಸುತ್ತದಲ್ಲ, ಅದು ಕಲಿಯುವುದೂ ಜನ ಬರೆದಿಟ್ಟ ಕನ್ನಡದಿಂದಲೇ. ಅಲ್ಲಿ ಪತ್ರಿಕೆಯ ಕನ್ನಡವೇ ಹೆಚ್ಚಾಗಿದ್ದರೆ ಅದು ಪತ್ರಿಕೆಯ ಪದವನ್ನೇ ಮುಂದಿಡುತ್ತದೆ. 2017ರಲ್ಲಿ ಗೂಗಲ್ ಕನ್ನಡದಲ್ಲೂ ಮಾತು ಕೇಳಿ ಬರೆಯುವ ಸೌಲಭ್ಯ ತಂದಿತು. ವಾರ್ತೆ ಓದುವವರ ಹಾಗೆ ಬಿಡಿಸಿ ನುಡಿದರೆ ಚೆನ್ನಾಗಿ ಬರೆಯುತ್ತದೆ, ‘ಏನ್ ಮಾಡಾಕತ್ತಿ’ ಎಂದರೆ ತಡವರಿಸುತ್ತದೆ. ವಿಜಯಪುರದ ಮಾತು, ಚಾಮರಾಜನಗರದ ಮಾತು ಕನ್ನಡ ಅಕ್ಷರದಲ್ಲಿ ರಾಶಿ ಬೀಳದಿದ್ದರೆ ಯಂತ್ರದ ಕಿವಿಗೆ ಅವು ಕನ್ನಡವೇ ಅಲ್ಲ.

ಎರಡನೆಯ ನಷ್ಟ ನಿಮಗೆ ಉತ್ತರಪತ್ರಿಕೆಯಲ್ಲೇ ಕಾಣುತ್ತದೆ. ಚಾಟಿನಲ್ಲಿ ಪೂರ್ಣವಿರಾಮ ಬೇಕಿಲ್ಲ. ಒಂದು ಉಸಿರಿಗೆ ಒಂದು ಸಾಲು, ‘ಸೆಂಡ್’ ಒತ್ತಿದರೆ ಅದೇ ವಿರಾಮ. ‘ಹೂಂ’, ‘ಹ್ಞೂಂ’, ‘ಹ್ಮ್’ ಈ ಮೂರರಲ್ಲಿ ಯಾವುದು ಒಪ್ಪಿಗೆ, ಯಾವುದು ಮುನಿಸು, ಯಾವುದು ‘ಮಾತು ಮುಗಿಸು’ ಎಂದು ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಒಂದು ಸಾಲನ್ನು ಇನ್ನೊಂದಕ್ಕೆ ಹೊಂದಿಸುವ ಕೆಲಸ ಚಾಟಿನಲ್ಲಿ ಬೀಳುವುದಿಲ್ಲ. ‘ಆದ್ದರಿಂದ’, ‘ಆದರೂ’, ‘ಅಷ್ಟೇ ಅಲ್ಲದೆ’ ಎಂಬ ಕೊಂಡಿಗಳು ಅಲ್ಲಿ ಬೇಡ, ಯಾಕೆಂದರೆ ಎದುರಿನವನು ತಕ್ಷಣ ಕೇಳುತ್ತಾನೆ, ಇವನು ತಕ್ಷಣ ಹೇಳುತ್ತಾನೆ. ಎದುರಿಗೆ ಇಲ್ಲದವರಿಗೆ, ಪರಿಚಯವೇ ಇಲ್ಲದವರಿಗೆ, ಮರುಪ್ರಶ್ನೆ ಕೇಳಲಾರದವರಿಗೆ ಒಂದು ಪುಟ ಬರೆಯುವಾಗ ಆ ಕೊಂಡಿಗಳಿಲ್ಲದೆ ಕಾಲು ಜಾರುತ್ತದೆ. ತಹಶೀಲ್ದಾರರಿಗೆ ಬರೆದ ಅರ್ಜಿಯಲ್ಲಿ ಬೇಡಿಕೆ ಏನೆಂದೇ ತಿಳಿಯದಿದ್ದರೆ ನಷ್ಟ ಅರ್ಜಿದಾರನಿಗೆ. ‘ಐತಿ’ ಎಂದು ಬರೆದದ್ದರಿಂದ ಯಾರ ಪಿಂಚಣಿಯೂ ನಿಂತಿಲ್ಲ. ಯಾವ ತಿಂಗಳಿಂದ ಬಂದಿಲ್ಲ, ಯಾರನ್ನು ಕಂಡಾಯಿತು, ಈಗ ಏನಾಗಬೇಕು ಎಂದು ಸಾಲಾಗಿ ಬರೆಯಲು ಬಾರದ್ದರಿಂದ ಅರ್ಜಿಗಳು ಮೂಲೆ ಸೇರಿವೆ.

ಇವೆಲ್ಲದರ ಜೊತೆಗೆ ಒಂದು ಕೆಟ್ಟ ಬೆಳವಣಿಗೆಯೂ ಇದೆ. ಯಾರೋ ಒಬ್ಬ ತನ್ನೂರಿನ ರಸ್ತೆಯ ಬಗ್ಗೆಯೋ ನೀರಿನ ಬಗ್ಗೆಯೋ ಎಲ್ಲರೂ ಓದುವ ಕಡೆ ನಾಲ್ಕು ಸಾಲು ಬರೆಯುತ್ತಾನೆ. ‘ಹಾಕು’ ಎನ್ನುವ ಕಡೆ ‘ಆಕು’ ಎಂದಿರುತ್ತದೆ. ಕೆಳಗೆ ಬರುವ ಮೊದಲ ಉತ್ತರ ‘ಮೊದಲು ಕನ್ನಡ ಸರಿಯಾಗಿ ಬರೆಯೋದು ಕಲಿ’. ಅದೂ ಏಕವಚನದಲ್ಲಿ. ರಸ್ತೆಯ ಮಾತು ಅಲ್ಲಿಗೆ ಮುಗಿಯಿತು. ಹೀಗೆ ಕಾಗುಣಿತವನ್ನು ದೊಣ್ಣೆ ಮಾಡಿಕೊಂಡವರಲ್ಲಿ ನಿಮ್ಮ ಬಳಿ ಒಳ್ಳೆಯ ಅಂಕ ತೆಗೆದವರೂ ಇದ್ದಾರೆ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಸಂದೇಹಗಳಿಗೆ ಉತ್ತರ ಕೊಟ್ಟರು. ಕೇಳಿದವರಿಗೆ ಹೇಳಿದರು, ಕೇಳಿದ್ದಕ್ಕೆ ಹಂಗಿಸಲಿಲ್ಲ. ತಿದ್ದುವ ರೀತಿಗೂ ಒಂದು ಪರಂಪರೆ ನಮಗಿದೆ. ಮಕ್ಕಳಿಗೆ ಕಾಗುಣಿತದ ಜೊತೆಗೆ ಅದನ್ನೂ ದಾಟಿಸಬೇಕು.

ಇನ್ನು ನನ್ನ ಕೋರಿಕೆಗಳು. ನಿಮಗೆ ಪೋರ್ಷನ್ ಮುಗಿಸುವ ಒತ್ತಡ, ದಾಖಲೆ ತುಂಬುವ ಕೆಲಸ, ಬಿಸಿಯೂಟದ ಲೆಕ್ಕ ಎಲ್ಲ ಇದೆಯೆಂದು ಬಲ್ಲೆ. ಆದ್ದರಿಂದ ಇರುವ ಪೀರಿಯಡ್ಡಿನಲ್ಲೇ ಆಗುವಂಥದ್ದನ್ನು ಕೇಳುತ್ತೇನೆ.

ಪತ್ರಲೇಖನದಿಂದಲೇ ಶುರು ಮಾಡಿ. ‘ನಿಮ್ಮನ್ನು ಇಂಥ ಊರಿನ ಇಂಥ ಶಾಲೆಯ ವಿದ್ಯಾರ್ಥಿ ಎಂದು ಭಾವಿಸಿಕೊಂಡು’ ಎಂಬ ಪ್ರಶ್ನೆ ಪರೀಕ್ಷೆಗೆ ಇರಲಿ. ತರಗತಿಯಲ್ಲಿ ಭಾವಿಸಿಕೊಳ್ಳುವುದು ಬೇಡ. ಊರಿನ ಬಸ್ಸು ಬೆಳಗ್ಗೆ ತಡವಾಗಿ ಬರುತ್ತದೆ ಎಂಬ ಒಂದೇ ವಿಷಯವನ್ನು ಮೂರು ಸಲ ಬರೆಸಿ. ಗೆಳೆಯನಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದಂತೆ ಒಮ್ಮೆ, ಡಿಪೋ ಮ್ಯಾನೇಜರರಿಗೆ ಅರ್ಜಿಯಾಗಿ ಒಮ್ಮೆ, ಪತ್ರಿಕೆಯ ವಾಚಕರ ಅಂಕಣಕ್ಕೆ ಒಮ್ಮೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿ. ಎಲ್ಲಿ ‘ಐತಿ’ ಸರಿ, ಎಲ್ಲಿ ‘ಇದೆ’ ಸರಿ, ಗೆಳೆಯನಿಗೆ ಹೇಳಬೇಕಿಲ್ಲದ ಯಾವ ವಿವರ ಮ್ಯಾನೇಜರಿಗೆ ಹೇಳಲೇಬೇಕು ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಗೆಳೆಯನ ಪತ್ರದಲ್ಲಿ ಮನೆಮಾತಿಗೆ ಗೆರೆ ಎಳೆಯಬೇಡಿ. ಅರ್ಜಿಯಲ್ಲಿ ಕೊಂಡಿ ತಪ್ಪಿದರೆ ಧಾರಾಳವಾಗಿ ಎಳೆಯಿರಿ.

ಒಂದು ಪೀರಿಯಡ್ಡನ್ನು ಕೀಲಿಮಣೆಗೆ ಕೊಡಿ. ಮಕ್ಕಳು ಮೊಬೈಲು ತರುವಂತಿಲ್ಲ, ಕಂಪ್ಯೂಟರು ಎಲ್ಲ ಶಾಲೆಯಲ್ಲೂ ಕೆಲಸ ಮಾಡುವುದಿಲ್ಲ. ಕರಿಹಲಗೆ ಸಾಕು. ‘ಶಕ್ತಿ’ ಎಂದು ಬರೆಯಿರಿ. ಕೈಯಲ್ಲಿ ಬರೆಯುವಾಗ ಶ ಆದ ಮೇಲೆ ಕಕಾರಕ್ಕೆ ಗುಡಿಸು ಕೊಟ್ಟು ‘ಕಿ’ ಮಾಡಿ, ಕೊನೆಗೆ ತಕಾರದ ಒತ್ತು ಇಳಿಸುತ್ತೇವೆ. ಫೋನಿನಲ್ಲಿ ಆ ಕ್ರಮ ನಡೆಯದು. ಶ, ಕ, ಹಲಂತ, ತ, ಕೊನೆಗೆ ಗುಡಿಸು. ಅಂದರೆ ಕ್, ತ್, ಇ. ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯಿರಿ ಎಂದು ನೀವು ಕಲಿಸುವ ಕ್ರಮವೇ ಇದು. ಕಿವಿಗೆ ಕೇಳುವ ಕ್ರಮವೂ ಇದೇ. ವ್ಯಾಕರಣ ಬಲ್ಲ ಹುಡುಗಿಗೆ ಕನ್ನಡ ಟೈಪಿಂಗ್ ಸುಲಭ ಎಂದು ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಆ ಕಾಣದ ಸಂಕೇತದ ಕೀಲಿ, ಅರ್ಕಾವೊತ್ತಿನ ಕಸರತ್ತು ಎರಡನ್ನೂ ಅದೇ ದಿನ ಹೇಳಿಬಿಡಿ. ಸಂಜೆ ಮನೆಯಲ್ಲಿ ಅಪ್ಪನ ಫೋನಿಗೆ ಕನ್ನಡ ಕೀಲಿಮಣೆ ಹಾಕಿಕೊಡುವುದೇ ಮನೆಗೆಲಸ.

ಕೊನೆಯದು ತಿದ್ದುವ ವಿಚಾರ. ಒಂದು ಗೆರೆ ಎಳೆಯುವ ಮುನ್ನ ನಾನೂ ಈಗೀಗ ಕೇಳಿಕೊಳ್ಳುವ ಪ್ರಶ್ನೆ ಇದು: ಇದು ಇವರ ನಾಲಗೆಯ ಮಾತೇ, ಯಂತ್ರದ ಎಡವಟ್ಟೇ, ಅಂಜಿಕೆಯಿಂದ ಬಂದ ಮಹಾಪ್ರಾಣವೇ, ಅಥವಾ ಹೇಳಬೇಕಾದ್ದೇ ತಪ್ಪಿಹೋಗಿದೆಯೇ? ಮೊದಲನೆಯದನ್ನು ಬಿಡುತ್ತೇನೆ, ಎರಡನೆಯದನ್ನು ಸದ್ದಿಲ್ಲದೆ ಸರಿಪಡಿಸುತ್ತೇನೆ, ಮೂರನೆಯದನ್ನು ಬರೆದವರಿಗೆ ತಿಳಿಸುತ್ತೇನೆ. ನಾಲ್ಕನೆಯದಕ್ಕೆ ಫೋನ್ ಮಾಡಿ ಮತ್ತೆ ಬರೆಸುತ್ತೇನೆ. ನಿಮಗೆ ನಲವತ್ತೈದು ಮಕ್ಕಳು, ನನ್ನಷ್ಟು ಪುರುಸೊತ್ತು ಇಲ್ಲ. ಆದರೂ ಕೆಂಪು ಶಾಯಿಯ ಬಹುಪಾಲು ಆ ನಾಲ್ಕನೆಯದಕ್ಕೆ ಮೀಸಲಾಗಲಿ ಎಂಬುದು ನನ್ನ ಬೇಡಿಕೆ.

ನಾನು ಬರೆದದ್ದನ್ನೆಲ್ಲ ನೀವು ಒಪ್ಪಬೇಕಿಲ್ಲ. ನಿಮ್ಮ ತರಗತಿಯಲ್ಲಿ ಬೇರೆಯೇ ನಡೆಯುತ್ತಿದ್ದರೆ ತಿಳಿಸಿ. ನಿಮಗೆ ಬಿಡುವಿಲ್ಲದಿದ್ದರೆ ಮಕ್ಕಳಿಂದಲೇ ಉತ್ತರ ಬರೆಸಿ ನಿಮ್ಮೂರಿನ ಯಾವ ಪತ್ರಿಕೆಗಾದರೂ ಕಳಿಸಿ. ಯಾವ ಸೀಮೆಯ ಕನ್ನಡದಲ್ಲಾದರೂ ಬರೆಯಲಿ, ಕನ್ನಡ ಅಕ್ಷರದಲ್ಲಿ ಬರೆಯಲಿ, ಏನು ಹೇಳಬೇಕೆಂದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಪ್ಪದೆ ಹೇಳಲಿ. ತಿದ್ದುವವರಿಗೆ ಅಷ್ಟಿದ್ದರೆ ಸಾಕು.

ಇತಿ ನಿಮ್ಮ ವಿಶ್ವಾಸಿ,
ಪತ್ರಿಕೆಯೊಂದರ ಉಪಸಂಪಾದಕ